ಚಪ್ಪರದ ಎರಡನೇ ಡಿಸ್ಕು

ಕಲಬುರ್ಗಿಯ ಜನ ಸೂರ್ಯನನ್ನು ಮರೆತೇಬಿಟ್ಟಿದ್ದರು. ಮೇ ತಿಂಗಳ ನಡುಮಧ್ಯಾಹ್ನ ಮಕ್ಕಳು ಡಾಂಬರು ರಸ್ತೆಯ ಮೇಲೆ ಬರಿಗಾಲಲ್ಲಿ ಲಗೋರಿ ಆಡುತ್ತಿದ್ದವು. ಹೆಂಗಸರು ಟೆರೇಸಿನಲ್ಲಿ ಕೂತು, ಈ ಊರಿನಲ್ಲಿ ಹಪ್ಪಳ ಒಣಗುವುದೇ ಇಲ್ಲವೆಂದು ದೂರುತ್ತಿದ್ದರು. ಬಿಸಿಲು ಐವತ್ತರ ಗಡಿ ದಾಟಿ, ಹೆಣ ಎತ್ತುವುದಕ್ಕೂ ಸಂಜೆಯವರೆಗೆ ಕಾಯಬೇಕಾಗಿದ್ದ ಬೇಸಿಗೆಗಳನ್ನು ಕಂಡವರೇ ಇವರು. ಈಗ ಶಹಾಬಾದಿ ಕಲ್ಲಿನ ದಪ್ಪ ಗೋಡೆಯ ಮನೆಗಳನ್ನು ಕೆಡವಿ ಗಾಜಿನ ಮನೆ ಕಟ್ಟಿಸಿಕೊಂಡಿದ್ದರು. ಬೀದಿಯ ಬೇವಿನ ಮರಗಳನ್ನು ಕಡಿದು ಕಾರು ನಿಲ್ಲಿಸುವ ಜಾಗ ಮಾಡಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಕೊಡೆ ಸಿಕ್ಕಿತೆಂದು ಸೂರು ಕಿತ್ತೊಗೆದವರು. ಮಹಾನಂದಾ ದಿನವೂ ಆಫೀಸಿಗೆ ಹೋಗುವಾಗ ಇದನ್ನೆಲ್ಲ ನೋಡಿ ಮೂಗು ಮುರಿಯುತ್ತಿದ್ದಳು.

ಆ ಕೊಡೆಯ ಹೆಸರು ಚಪ್ಪರ. ವಿಮಾನಗಳು ಹಾರುವುದಕ್ಕೂ ಮೇಲೆ, ಮೋಡಗಳಿಗಿಂತ ಎಷ್ಟೋ ಎತ್ತರದಲ್ಲಿ, ಸಾವಿರಾರು ಪುಗ್ಗಗಳು, ಎಂದರೆ ಭಾರೀ ಬಲೂನುಗಳು, ಊರಿನ ಮೇಲೆ ತೇಲುತ್ತಿದ್ದವು. ಒಂದೊಂದು ಪುಗ್ಗದ ಕೆಳಗೂ ಒಂದೊಂದು ತೆಳ್ಳನೆಯ ಬೆಳ್ಳಿ ಬಣ್ಣದ ಹಾಳೆ. ಸೂರ್ಯ ಸರಿದಂತೆ ಹಾಳೆಗಳು ಹೊರಳಬೇಕು, ಬಿಸಿಲನ್ನು ವಾಪಸು ಆಕಾಶಕ್ಕೇ ತಳ್ಳಬೇಕು, ಊರಿಗೆ ಬರೀ ಬೆಳಕನ್ನು ಬಿಡಬೇಕು. ಯಾವ ಹಾಳೆ ಯಾವಾಗ ಎಷ್ಟು ಹೊರಳಬೇಕೆಂದು ಹೇಳುವುದು ನಟ್ಟನಡುವಿನ ತಾಯಿಪುಗ್ಗದಲ್ಲಿದ್ದ ಒಂದು ಸರ್ವರ್. ಅದು ನಡೆಯುತ್ತಿದ್ದುದು ಯುನಿಕ್ಸ್ ಎಂಬ ಹಳೇ ಕಾಲದ, ಗಟ್ಟಿ ಜೀವದ ವ್ಯವಸ್ಥೆಯ ಮೇಲೆ. ಅಲ್ಲಿಗೆ ಮನುಷ್ಯ ಹೋಗುವಂತಿಲ್ಲ, ಅದನ್ನು ಕೆಳಗಿಳಿಸುವಂತೆಯೂ ಇಲ್ಲ. ಏನು ಮಾಡುವುದಿದ್ದರೂ ನೆಲದ ಮೇಲಿನ ನಿಯಂತ್ರಣ ಕೊಠಡಿಯಿಂದ ರೇಡಿಯೊದಲ್ಲೇ ಮಾಡಬೇಕು. ಆ ಸರ್ವರಿನ ಒಳಹೊರಗು ತಿಳಿದವಳು ಇಡೀ ಚಪ್ಪರ ಪ್ರಾಧಿಕಾರದಲ್ಲಿ ಮಹಾನಂದಾ ಒಬ್ಬಳೇ. ಉಳಿದವರ ಬಗ್ಗೆ ಅವಳಿಗಿದ್ದ ಅಭಿಪ್ರಾಯ ಇಡೀ ಆಫೀಸಿಗೆ ಗೊತ್ತಿತ್ತು, ಏಕೆಂದರೆ ಅವಳು ಅದನ್ನು ಮುಚ್ಚಿಟ್ಟವಳಲ್ಲ.

ಪ್ರಾಧಿಕಾರದ ಡೈರೆಕ್ಟರ್ ವಿಶ್ವಾರಾಧ್ಯ ಮೀನುಗಾರಿಕೆ ಇಲಾಖೆಯಿಂದ ವರ್ಗವಾಗಿ ಬಂದವನು. ಅಲ್ಲಿ ಮೀನಿನ ಮರಿ ಎಣಿಸುತ್ತಿದ್ದ, ಇಲ್ಲಿ ಪುಗ್ಗ ಎಣಿಸುತ್ತಿದ್ದ. ಅವನು ಬಂದ ಮೇಲೆ ಕಚೇರಿಯಲ್ಲೊಂದು ಹೊಸ ಸಂಪ್ರದಾಯ ಶುರುವಾಗಿತ್ತು. ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಎಲ್ಲರೂ ದೊಡ್ಡ ಬೋರ್ಡಿನ ಎದುರು ಸಾಲಾಗಿ ನಿಲ್ಲಬೇಕು. ಬೋರ್ಡಿನ ದೀಪಗಳೆಲ್ಲ ಹಸಿರಾಗಿರುವಾಗ ಡೈರೆಕ್ಟರ್ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಸಚಿವರ ಗ್ರೂಪಿಗೆ ಕಳಿಸುತ್ತಿದ್ದ. ಮಹಾನಂದಾ ಇದಕ್ಕೆ ಹಸಿರು ಆರತಿ ಎಂದು ಹೆಸರಿಟ್ಟಿದ್ದಳು. ಒಂದು ದೀಪ ಹಳದಿಯಾದರೂ ವಿಶ್ವಾರಾಧ್ಯನ ಮುಖ ಮೀನು ಸತ್ತ ಕೆರೆಯ ಹಾಗಾಗುತ್ತಿತ್ತು. ಹಾಗಾಗಿ ಸಿಬ್ಬಂದಿಯೆಲ್ಲ ಕಲಿತ ವಿದ್ಯೆ ಒಂದೇ, ದೀಪವನ್ನು ಹೇಗಾದರೂ ಹಸಿರು ಮಾಡುವುದು.

ಆ ವಾರ ಸರ್ವರ್ ತಯಾರಿಸಿದ ಕಂಪನಿಯಿಂದ ಸೂಚನೆ ಬಂತು. ವ್ಯವಸ್ಥೆಯಲ್ಲಿ ಒಂದು ತೂತು ಸಿಕ್ಕಿದೆ, ಅದರ ಮೂಲಕ ಕಳ್ಳರು ಒಳನುಗ್ಗಬಹುದು, ಕೂಡಲೇ ಪ್ಯಾಚ್ ಹಾಕಿಕೊಳ್ಳಿ ಎಂದು. ತೂತಿಗೆ ತೇಪೆ ಹಾಕುವುದು ಹೊಸದೇನಲ್ಲ. ಆದರೆ ತಾಯಿಪುಗ್ಗದ ಬಟ್ಟೆಗೆ ತೇಪೆ ಹಾಕುವಾಗ ಸೂಜಿ ಎಲ್ಲಿ ಚುಚ್ಚೀತೆಂದು ಹೇಳಲಾಗದು.

"ಎರಡೆರಡು ಡಿಸ್ಕ್ ಇಟ್ಟೀವಲ್ಲ ಮಹಾನಂದಾಬಾಯಿ, ಮತ್ಯಾಕ ಅಂಜ್ತೀರಿ? ಹಾಕ್ರಿ, ಮುಗಸ್ರಿ," ಎಂದ ಡೈರೆಕ್ಟರ್ ಮೀಟಿಂಗಿನಲ್ಲಿ.

ಸರ್ವರಿನಲ್ಲಿ ಎರಡು ಡಿಸ್ಕುಗಳಿದ್ದದ್ದು ನಿಜ. ಸರ್ವರ್ ಎದ್ದು ಕೂರಲು ಬೇಕಾದದ್ದೆಲ್ಲ ಮೊದಲನೆಯದರಲ್ಲಿ, ಅದರ ಪ್ರತಿಬಿಂಬ ಎರಡನೆಯದರಲ್ಲಿ. ಒಂದರಲ್ಲಿ ಮೂಡಿದ ಅಕ್ಷರ ಅದೇ ಕ್ಷಣ ಇನ್ನೊಂದರಲ್ಲೂ ಮೂಡುತ್ತಿತ್ತು. ಒಂದು ಕೆಟ್ಟರೆ ಇನ್ನೊಂದಿದೆ ಎಂದು ಕಚೇರಿಯವರೆಲ್ಲ ನೆಮ್ಮದಿಯಾಗಿದ್ದರು. ಪೆದ್ದರ ನೆಮ್ಮದಿ ಅದು. ಡಿಸ್ಕು ಸವೆದು ಸತ್ತರೆ ಜೋಡಿ ಕಾಪಾಡುತ್ತದೆ. ಆದರೆ ತಪ್ಪನ್ನೇ ಬರೆದರೆ? ಪರೀಕ್ಷೆಯಲ್ಲಿ ಪಕ್ಕದವನ ಪೇಪರ್ ನೋಡಿ ಬರೆಯುವ ಹುಡುಗನಂತೆ ಎರಡನೆಯದು ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಬರೆದುಕೊಳ್ಳುತ್ತದೆ. ಅದಕ್ಕೇ ತಿಳಿದವರು ಪ್ಯಾಚ್ ಹಾಕುವ ಮುಂಚೆ ಜೋಡಿಯನ್ನು ಬಿಡಿಸುತ್ತಾರೆ. ಎರಡನೆಯದನ್ನು ಹಳೆಯ ಸ್ಥಿತಿಯಲ್ಲೇ ಪಕ್ಕಕ್ಕಿಟ್ಟು, ಮೊದಲನೆಯದಕ್ಕೆ ಮಾತ್ರ ತೇಪೆ ಹಾಕುತ್ತಾರೆ. ಕೆಟ್ಟರೆ ಎರಡನೆಯದರಿಂದ ಎದ್ದರಾಯಿತು.

ಇದನ್ನು ವಿಶ್ವಾರಾಧ್ಯನಿಗೆ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದುಕೊಂಡ ಮಹಾನಂದಾ, "ಜೋಡಿ ಬಿಡಸ್ತೀನಿ ಸರ್. ಬೋರ್ಡಿನ ಮ್ಯಾಲ ಒಂದು ದಿನ ಕೆಂಪು ಇರ್ತದ," ಎಂದಷ್ಟೇ ಹೇಳಿದಳು.

"ಕೆಂಪು?" ಡೈರೆಕ್ಟರ್ ಕುರ್ಚಿಯಲ್ಲಿ ನೆಟ್ಟಗಾದ. "ಪ್ಯಾಚ್ ಹಾಕೋ ದಿನಾನೇ ಸಚಿವರು ವಿಡಿಯೊದಾಗ ಬೋರ್ಡ್ ನೋಡವರಿದ್ದಾರ್ರಿ."

"ಕಣ್ಣು ಮುಚ್ಕೋರಿ ಅಂತ ಹೇಳ್ರಿ ಅವರಿಗೆ."

ಯಾರೋ ಕಿಸಕ್ಕನೆ ನಕ್ಕರು. ಡೈರೆಕ್ಟರ್ ನಗಲಿಲ್ಲ, ಬೇಡವೆಂದೂ ಹೇಳಲಿಲ್ಲ. ಬೇಡವೆನ್ನಲು ಕೂಡ ವಿಷಯ ತಿಳಿದಿರಬೇಕಲ್ಲ.

ಸೂರ್ಯ ಹುಟ್ಟುವ ಮುಂಚೆ, ಹಾಳೆಗಳಿಗೆ ಕೆಲಸವಿಲ್ಲದ ಹೊತ್ತಿನಲ್ಲಿ ಮಹಾನಂದಾ ಕೆಲಸ ಶುರುಮಾಡಿದಳು. ಜೋಡಿ ಬಿಡಿಸಿದಳು. ಬಿಡಿಸಿದ ಎರಡನೇ ಡಿಸ್ಕಿನಿಂದ ಸರ್ವರನ್ನು ಒಮ್ಮೆ ಎಬ್ಬಿಸಿ, ಅದು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆಂದು ಖಾತ್ರಿ ಮಾಡಿಕೊಂಡಳು. ಅರ್ಧ ಕಲಿತವರು ಈ ಹೆಜ್ಜೆಯನ್ನೇ ಬಿಡುತ್ತಾರೆ. ಬೇಕಾದಾಗ ತೆಗೆದರೆ ಡಬ್ಬಿ ಖಾಲಿ. ಆಮೇಲೆ ಮತ್ತೆ ಮೊದಲನೆಯದರಿಂದ ಎಬ್ಬಿಸಿ ಪ್ಯಾಚ್ ಹಾಕಿದಳು. ಎಲ್ಲವೂ ಸರಿಯಾಗಿ ಎದ್ದು ನಿಂತಿತು. ಬೆಳಗಿನ ಎಳೆಬಿಸಿಲಿಗೆ ಪೂರ್ವದ ಅಂಚಿನ ಕೆಲವು ಹಾಳೆಗಳು ವಿಧೇಯವಾಗಿ ಹೊರಳಿದವು. ನಿಜವಾದ ಪರೀಕ್ಷೆ ನಡುಮಧ್ಯಾಹ್ನಕ್ಕೆ, ಎಲ್ಲ ಹಾಳೆಗಳೂ ಒಟ್ಟಿಗೆ ಬಾಯಿ ತೆರೆದು ಅಪ್ಪಣೆ ಕೇಳುವಾಗ. ಅದು ದಾಟುವವರೆಗೆ ಎರಡನೆಯದು ಬೇರೆಯೇ ಇರಬೇಕು.

ಬೋರ್ಡಿನಲ್ಲಿ ಒಂದೇ ಒಂದು ಕೆಂಪು ದೀಪ ಉರಿಯುತ್ತಿತ್ತು. ಅದರ ಮುಂದೆ ಕೂತಿದ್ದವನು ಆಪರೇಟರ್ ಅಂಬಾರಾಯ. ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದವನು. ಗಂಟಲು ಹೋದ ಮೇಲೆ ಇಲ್ಲಿಗೆ ಬಂದಿದ್ದ. ಇವನಂಥವರಿಗೆ ಕಮಾಂಡ್ ಟೈಪ್ ಮಾಡಲು ಬಾರದೆಂದು ಮಹಾನಂದಾಳೇ ಪರದೆಯ ಮೇಲೆ ದೊಡ್ಡ ದೊಡ್ಡ ಗುಂಡಿಗಳನ್ನು ಮಾಡಿಟ್ಟಿದ್ದಳು. ಕೆಂಪು ದೀಪದ ಪಕ್ಕದಲ್ಲೂ ಒಂದು ಗುಂಡಿಯಿತ್ತು, ಅದರ ಮೇಲೆ 'ಜೋಡಿಸು' ಎಂದು ಬರೆದಿತ್ತು.

"ಕೆಂಪು ಹಿಂಗ ಇರ್ಲಿ ಅಂಬಾರಾಯ. ಮುಟ್ಟಬ್ಯಾಡ."

"ಆತ್ರಿ ಮೇಡಮ್. ಯಾಕ್ರಿ?"

"ತಿಳಕೊಂಡು ನೀ ಏನ್ಮಾಡ್ತಿ? ಮುಟ್ಟಬ್ಯಾಡ ಅಂದ್ರ ಮುಟ್ಟಬ್ಯಾಡ."

ಅವನು ತಲೆಯಾಡಿಸಿದ. ಮಹಾನಂದಾ ಚೀಲ ಹೆಗಲಿಗೇರಿಸಿ, ಮಧ್ಯಾಹ್ನಕ್ಕೆ ಮುಂಚೆ ಬರುತ್ತೇನೆಂದು ಹೇಳಿ ಹೊರಟಳು.

ಅವಳ ಗಂಡ ರೇವಪ್ಪ ಸ್ಟೇಶನ್ ರಸ್ತೆಯಲ್ಲಿ ಖಾನಾವಳಿ ನಡೆಸುತ್ತಿದ್ದ. ಹೆಂಡತಿಗೆ ಲೋಕದಲ್ಲಿ ಯಾರೂ ಹಿಡಿಸದಿದ್ದರೆ ಗಂಡನಿಗೆ ಎಲ್ಲರೂ ಹಿಡಿಸುತ್ತಿದ್ದರು. ಚಪ್ಪರ ಬರುವುದಕ್ಕೆ ಮುಂಚಿನ ಕೊನೆಯ ಬೇಸಿಗೆಯಲ್ಲಿ ಅವನಿಗೆ ಬಿಸಿಲು ಬಡಿದು, ಬದುಕಿದ್ದೇ ಹೆಚ್ಚಾಗಿತ್ತು. ಅಂದಿನಿಂದ ಅವನ ಮೈ ಬೆವರುವುದನ್ನೇ ಬಿಟ್ಟಿತ್ತು. ಇನ್ನೊಂದು ಸಲ ಬಿಸಿಲಿಗೆ ಸಿಕ್ಕರೆ ಉಳಿಯುವುದಿಲ್ಲ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು. ಮಹಾನಂದಾ ಖಾಸಗಿ ಕಂಪನಿಗಳ ಕರೆಯನ್ನೆಲ್ಲ ಬಿಟ್ಟು ಆ ಮೀನಿನ ಡೈರೆಕ್ಟರನ ಕೈಕೆಳಗೆ ಉಳಿದದ್ದು ಊರಿನ ಮೇಲಿನ ಪ್ರೀತಿಗಲ್ಲ. ಈ ಒಬ್ಬನ ತಲೆಯ ಮೇಲೆ ನೆರಳಿರಲಿ ಎಂದು. ಇದನ್ನು ಅವನಿಗೂ ಹೇಳಿರಲಿಲ್ಲ.

ಅವಳು ಬಂದಾಗ ಖಾನಾವಳಿಯ ಮುಂದೆ ಟೆಂಪೊ ನಿಂತಿತ್ತು. ಬುಟ್ಟಿಗಟ್ಟಲೆ ಜೋಳದ ರೊಟ್ಟಿ, ಪಾತ್ರೆಗಟ್ಟಲೆ ಎಣ್ಣೆಗಾಯಿ, ಶೇಂಗಾ ಹಿಂಡಿ ಟೆಂಪೊಗೆ ಏರುತ್ತಿದ್ದವು. ಬಯಲಿನಲ್ಲೊಂದು ದೊಡ್ಡ ಮದುವೆ, ಊಟ ರೇವಪ್ಪನದು.

"ಚಪ್ಪರ ಹಾಕ್ಯಾರೇನು ಅಲ್ಲಿ?" ಎಂದಳು ರೊಟ್ಟಿ ಮುರಿಯುತ್ತ.

"ಮ್ಯಾಲ ನಿಂದೊಂದು ಅದಲ್ಲ ಮಾರಾಯ್ತಿ, ಕೆಳಗ್ಯಾಕ ಇನ್ನೊಂದು? ಈಗ ಯಾವ ಮದುವ್ಯಾಗೂ ಹಾಕಂಗಿಲ್ಲ. ಫೋಟೊದಾಗ ಆಕಾಶ ಬೀಳಬೇಕಂತ."

"ಮಂದಿಗೆ ತಲಿ ಅನ್ನೋದು ಅದ ಇಲ್ಲೋ?"

"ಅದ, ಅದ. ನಿನ್ನಷ್ಟಿಲ್ಲ." ರೇವಪ್ಪ ನಗುತ್ತ ಅವಳ ತಟ್ಟೆಗೆ ಇನ್ನೊಂದು ಸೌಟು ಎಣ್ಣೆಗಾಯಿ ಬಡಿಸಿದ. "ಉಣ್ಣು. ಬೆಳಕು ಹರಿಯೋಕ ಮುಂಚೆ ಎದ್ದಿ. ಹಸಿದಾಗ ನೀ ಇನ್ನೂ ಕೆಟ್ಟಾಕಿ ಆಗ್ತಿ."

ಮೂಗಿನಲ್ಲೇ ನಕ್ಕಳು ಮಹಾನಂದಾ. ಇವತ್ತೊಂದು ದಿನ ಒಳಗೇ ಇರು, ಮಧ್ಯಾಹ್ನ ಮುಗಿಯಲಿ ಎನ್ನಬೇಕೆಂದು ಒಂದು ಗಳಿಗೆ ಅನ್ನಿಸಿತು. ಆದರೆ ಏನು ಕೆಟ್ಟರೂ ಎರಡನೇ ಡಿಸ್ಕು ಭದ್ರವಾಗಿದೆ; ಅದರಿಂದ ಎಬ್ಬಿಸಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕು. ತನ್ನ ಕೆಲಸದ ಮೇಲೆ ಅವಳಿಗೆ ನಂಬಿಕೆಯಿತ್ತು. ರೇವಪ್ಪ ರೊಟ್ಟಿ ಬಡಿಯುವ ಇಬ್ಬರು ಮುದುಕಿಯರನ್ನು ಕೈಹಿಡಿದು ಟೆಂಪೊ ಹತ್ತಿಸಿ, ತಾನು ಮುಂದೆ ಕೂತು ಹೋದ.

ಮಹಾನಂದಾ ಮನೆಗೆ ಹೋಗಿ ಸ್ನಾನ ಮಾಡಿ ಆಫೀಸಿನ ಕಡೆ ಹೊರಟಾಗ ರಸ್ತೆಯ ಬಣ್ಣ ಬದಲಾಯಿತು. ಮೊದಲು ದೂರದ ಗಾಜಿನ ಕಟ್ಟಡವೊಂದು ಹೊಳೆಯಿತು, ಆಮೇಲೆ ಅದರ ಪಕ್ಕದ್ದು. ಆಮೇಲೆ ಅವಳ ತೋಳಿನ ಮೇಲೆ ಕಾದ ಸೌಟು ಇಟ್ಟಂತಾಯಿತು. ತಲೆ ಎತ್ತಿದರೆ ಕಣ್ಣು ಕುಕ್ಕಿತು. ಹಾಳೆಗಳು ಹೊರಳುತ್ತಿರಲಿಲ್ಲ. ರಸ್ತೆಯ ಮೇಲಿದ್ದ ಜನ ಓಡುವುದನ್ನು ಬಿಟ್ಟು ಮೊಬೈಲ್ ಎತ್ತಿ ಸೂರ್ಯನ ವಿಡಿಯೊ ತೆಗೆಯುತ್ತಿದ್ದರು.

"ಒಳಗ ಹೋಗ್ರೋ, ಕತ್ತೆಗಳ್ರಾ!" ಎಂದು ಕಿರುಚಿ ಅವಳು ಫೋನ್ ಹಚ್ಚಿದಳು. ಮೊದಲು ಗಂಡನಿಗೆ, ಎತ್ತಲಿಲ್ಲ. ಆಮೇಲೆ ನಿಯಂತ್ರಣ ಕೊಠಡಿಗೆ.

"ಎಲ್ಲಾ ಹಸಿರೇ ಅದ್ರಿ ಮೇಡಮ್," ಎಂದ ಅಂಬಾರಾಯ. "ಮ್ಯಾಲ ಏನಾಗ್ಯದೋ ತಿಳೀವಲ್ದು. ಬೋರ್ಡ್ ಪೂರಾ ಹಸಿರು."

ಬೋರ್ಡು ಪೂರಾ ಹಸಿರಾಗಿರಬಾರದಿತ್ತು.

ಅವಳು ಕೊಠಡಿಗೆ ನುಗ್ಗಿದಾಗ ವಿಶ್ವಾರಾಧ್ಯ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದ. ದೊಡ್ಡ ಪರದೆಯಲ್ಲಿ ಸಚಿವರ ಖಾಲಿ ಕುರ್ಚಿ ಕಾಣುತ್ತಿತ್ತು. ವಿಡಿಯೊ ಮುಗಿದಿತ್ತು, ಸಚಿವರು ಹಸಿರು ನೋಡಿ ಶಹಬ್ಬಾಸ್ ಹೇಳಿ ಎದ್ದುಹೋಗಿದ್ದರು.

"ಯಾರು ಜೋಡಿಸಿದ್ರು?"

"ಸಾಹೇಬರು ಹಸಿರು ಮಾಡು ಅಂದ್ರು," ಎಂದ ಅಂಬಾರಾಯ ನೆಲ ನೋಡುತ್ತ.

"ಕಾಪಿ ಎಷ್ಟಾಗ್ಯದ?"

"ನೂರಕ್ಕ ನೂರು ಆಗ್ಯದ್ರಿ."

ಒಳ್ಳೆಯ ಡಿಸ್ಕಿನ ಮೇಲೆ ಹೊಸದರ ಪ್ರತಿ ಅಕ್ಷರವೂ ಬರೆದುಹೋಗಿತ್ತು. ಈಗ ಎರಡೂ ಒಂದೇ. ಎರಡೂ ಒಂದನ್ನೊಂದು ಒಪ್ಪುತ್ತಿದ್ದವು, ಅದಕ್ಕೇ ದೀಪ ಹಸಿರು. ಊರು ಸುಡುತ್ತಿದೆಯೋ ಇಲ್ಲವೋ ಎಂಬುದಕ್ಕೆ ಆ ಬೋರ್ಡಿನಲ್ಲಿ ದೀಪವೇ ಇರಲಿಲ್ಲ.

ಅವಳು ಸರ್ವರಿನ ಒಳಹೋಗಲು ನೋಡಿದಳು. ಆಗಲಿಲ್ಲ. ಕಳ್ಳರನ್ನು ತಡೆಯಲು ಬಂದ ಪ್ಯಾಚ್, ಏಕಕಾಲಕ್ಕೆ ಎಷ್ಟು ಜನ ಸರ್ವರಿನೊಂದಿಗೆ ಮಾತಾಡಬಹುದು ಎಂಬುದಕ್ಕೇ ಮಿತಿ ಹಾಕಿಬಿಟ್ಟಿತ್ತು. ಬೆಳಿಗ್ಗೆ ಕೇಳುವ ಹಾಳೆಗಳು ಕಡಿಮೆ, ತೊಂದರೆ ಕಾಣಲಿಲ್ಲ. ಸೂರ್ಯ ನೆತ್ತಿಗೆ ಬಂದಾಗ ಎಲ್ಲ ಹಾಳೆಗಳೂ ಒಟ್ಟಿಗೆ ಕೂಗಿದವು, ಸರ್ವರ್ ಬಾಗಿಲು ಹಾಕಿಕೊಂಡಿತು. ಅಪ್ಪಣೆ ಸಿಗದ ಹಾಳೆಗಳು ಬಿಟ್ಟೂಬಿಡದೆ ಮತ್ತೆ ಮತ್ತೆ ಬಾಗಿಲು ಬಡಿಯುತ್ತಿದ್ದವು. ಆ ನೂಕುನುಗ್ಗಲಿನಲ್ಲಿ ಮನೆಯೊಡತಿಗೇ ಒಳಹೋಗಲು ಜಾಗವಿರಲಿಲ್ಲ.

ಉಳಿದದ್ದು ಒಂದೇ, ತುರ್ತಿಗೆಂದು ಇಟ್ಟಿದ್ದ ಬೇರೆ ರೇಡಿಯೊ. ಅದಕ್ಕೆ ಗೊತ್ತಿದ್ದದ್ದು ಎರಡೇ ಮಾತು, 'ಮಲಗಿ ಏಳು' ಮತ್ತು 'ಇಂಥ ಡಿಸ್ಕಿನಿಂದ ಏಳು'. ಬೆಳಿಗ್ಗೆ ಇದೇ ಮಾತಿಗೆ ಎರಡನೇ ಡಿಸ್ಕು ಠೀವಿಯಿಂದ ಎದ್ದು ನಿಂತಿತ್ತು. ಪ್ರಯೋಜನವಿಲ್ಲವೆಂದು ತಿಳಿದೂ ಅವಳು ಅದನ್ನೇ ಕಳಿಸಿದಳು. ಸರ್ವರ್ ಮಲಗಿತು. ಎದ್ದಿತು. ಹಾಳೆಗಳು ಮತ್ತೆ ಮುಗಿಬಿದ್ದವು, ಬಾಗಿಲು ಮತ್ತೆ ಮುಚ್ಚಿತು. ಮತ್ತೊಮ್ಮೆ ಕಳಿಸಿದಳು. ಅವಳು ದೇವರನ್ನು ನಂಬಿದವಳಲ್ಲ, ಆದರೂ ಆಗ ಅವಳ ತುಟಿ ಅಲ್ಲಾಡುತ್ತಿತ್ತು.

"ಬೋರ್ಡ್ ಹಸಿರೇ ಅದಲ್ರಿ ಮತ್ತ," ಎಂದ ವಿಶ್ವಾರಾಧ್ಯ, ಯಾರನ್ನೋ ಸಮಾಧಾನ ಮಾಡುವವನಂತೆ.

ಮಹಾನಂದಾ ಕೈಗೆ ಸಿಕ್ಕ ಉಕ್ಕಿನ ನೀರಿನ ಬಾಟಲಿಯನ್ನು ಬೋರ್ಡಿಗೆ ಬೀಸಿ ಒಗೆದಳು. ಗಾಜು ಒಡೆಯಿತು. ಹಿಂದಿನ ದೀಪಗಳು ಹಸಿರಾಗಿಯೇ ಉರಿಯುತ್ತಿದ್ದವು.

ಅವಳಿಗೆ ಒಳಹೋಗಲು ಸಾಧ್ಯವಾದದ್ದು ಸೂರ್ಯ ತಾನಾಗಿ ಪಶ್ಚಿಮಕ್ಕೆ ಇಳಿದು, ಹಾಳೆಗಳ ಕೂಗು ಕಡಿಮೆಯಾದ ಮೇಲೆ. ಪ್ಯಾಚನ್ನು ಕಿತ್ತೆಸೆದಳು. ಹಾಳೆಗಳು ಹೊರಳಿದವು. ಆಗ ಹೊರಳಿ ಯಾರಿಗೇನು ಉಪಯೋಗ? ಫೋನಿನಲ್ಲಿ ಖಾನಾವಳಿಯಿಂದ ಬಂದ ಕರೆಗಳು ಸಾಲುಗಟ್ಟಿ ನಿಂತಿದ್ದವು.

ಬಯಲಿನಲ್ಲಿ ಆದದ್ದನ್ನು ಆ ಇಬ್ಬರು ಮುದುಕಿಯರೇ ಆಮೇಲೆ ಹೇಳಿದರು. ಬಿಸಿಲು ಬಿದ್ದದ್ದೇ ತಡ, ರೇಷ್ಮೆ ಸೀರೆ, ಜರಿ ಪೇಟದ ಬೀಗರೆಲ್ಲ ಊಟದ ಪಂಕ್ತಿಯಿಂದ ಎದ್ದು ಓಡಿ ತಂತಮ್ಮ ಕಾರಿನಲ್ಲಿ ಕೂತು, ಏಸಿ ಹಾಕಿ, ಬಾಗಿಲು ಬಿಗಿದುಕೊಂಡರು. ರೇವಪ್ಪ ಮುದುಕಿಯರನ್ನು ಎರಡೂ ತೋಳಿನಲ್ಲಿ ಹಿಡಿದು ಒಂದೊಂದು ಕಾರಿನ ಗಾಜನ್ನೂ ಬಡಿದ. ಒಳಗಿದ್ದವರು ಇಲ್ಲವೆಂದು ಕೈಯಾಡಿಸಿದರು. ತೀರ ಕೊನೆಗೆ ಒಂದು ಬಾಗಿಲು ತೆರೆಯಿತು, ಇಬ್ಬರಿಗೆ ಜಾಗವಾಯಿತು. ಮೂರನೆಯವನಿಗೆ ಆಗಲಿಲ್ಲ. ಅವನು ನಗುತ್ತಲೇ ಬಾಗಿಲು ಹಾಕಿ, ಟೆಂಪೊ ಕಡೆ ನಡೆದ. ಟೆಂಪೊವರೆಗೆ ಮುಟ್ಟಲಿಲ್ಲ.

ಪ್ರಾಧಿಕಾರದ ವರದಿ ಬಂತು. 'ಅನಿರೀಕ್ಷಿತ ಸೌರ ತೀವ್ರತೆ' ಎಂದು ಅದರಲ್ಲಿತ್ತು. ಸೂರ್ಯ ಹುಟ್ಟಿದ್ದೇ ಅನಿರೀಕ್ಷಿತ ಎಂಬಂತೆ. ತಪ್ಪು ಮಾಡಿದವನೆಂದು ಆಪರೇಟರ್ ಅಂಬಾರಾಯನನ್ನು ಮನೆಗೆ ಕಳಿಸಿದರು. ಬೋರ್ಡಿಗೆ ಹೊಸ ಗಾಜು ಹಾಕಿಸಿದರು, ಮರುದಿನದಿಂದಲೇ ಹಸಿರು ಆರತಿ ಮತ್ತೆ ನಡೆಯಿತು.

ಊರಿನ ರೂಢಿಯಂತೆ ಜನ ಮಹಾನಂದಾಳನ್ನು ಮಾತಾಡಿಸಲು ಬಂದರು. ವಿಶ್ವಾರಾಧ್ಯ ಹೂವಿನ ಹಾರ ತಂದು ರೇವಪ್ಪನ ಫೋಟೊಗೆ ಹಾಕಿ, "ವಿಧಿ ಬರಹಕ್ಕ ನಾವೇನು ಮಾಡ್ಲಿಕ್ಕೆ ಆಗ್ತದ್ರಿ," ಎಂದು ನಿಟ್ಟುಸಿರು ಬಿಟ್ಟ. ಅವಳು ಅವನ ಮುಖ ಕೂಡ ನೋಡಲಿಲ್ಲ. ಗಾಜಿನ ಮನೆಯ ನೆರೆಹೊರೆಯವರು ಬಂದು, ತಮ್ಮ ಕರ್ಟನ್ನುಗಳು ಬಣ್ಣಗೆಟ್ಟದ್ದನ್ನು ಹೇಳಿಕೊಂಡು ಹೋದರು. ಬಂದವರಲ್ಲಿ ಆ ಕಾರುಗಳಲ್ಲಿ ಕೂತವರೂ ಇದ್ದಿರಬೇಕು. ಅವನ ಉಗುರಿಗೂ ಸಮವಲ್ಲದ ಇವರೆಲ್ಲ ಬದುಕಿದ್ದಾರೆ, ಅವನು ಹೋದ ಎಂದುಕೊಂಡಳು. ಅತ್ತರೆ ಇವರ ಮುಂದೆ ಅಳಬೇಕಾದೀತೆಂದು ಅಳಲೂ ಇಲ್ಲ.

ಎಲ್ಲರೂ ಹೋದ ಮೇಲೆ ಅಂಬಾರಾಯ ಬಂದ. ಒಳಗೆ ಬರದೆ ಹೊಸ್ತಿಲ ಆಚೆಯೇ ಕುಕ್ಕರುಗಾಲಲ್ಲಿ ಕೂತ. ಇವನ ಬೆರಳಿನಿಂದಲ್ಲವೇ ಎಂದು ಮಹಾನಂದಾ ಹಲ್ಲು ಕಚ್ಚಿದಳು.

"ಯಾಕ ಬಂದಿ?"

"ಒಂದು ಕೇಳ್ಲಿಕ್ಕ ಬಂದೀನ್ರಿ ಮೇಡಮ್." ಅವನು ತಲೆ ಎತ್ತಿದ. "ಈಗರ ಹೇಳ್ರಿ. ಅದನ್ನ ಯಾಕ ಮುಟ್ಟಬಾರದಿತ್ತು?"

ತಿಳಕೊಂಡು ಏನು ಮಾಡುತ್ತಿ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ಆದರೆ ಜಗಳಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

"ಹೊಸಾದು ಹಾಕೂ ಮುಂಚೆ ಹಳೇದನ್ನ ಒಂದು ಡಿಸ್ಕಿನ್ಯಾಗ ಬ್ಯಾರೆ ತೆಗೆದಿಟ್ಟಿದ್ದೆ," ಎಂದಳು. "ಹೊಸಾದು ಕೆಟ್ರ ಅದು ಬೇಕಾಗ್ತಿತ್ತು. ಜೋಡಿಸಿದ್ರ ಹೊಸಾದು ಹಳೇದರ ಮ್ಯಾಲೇ ಬರಕೋತದ. ಹಳೇದು ಅಳಿಸಿ ಹೋಗ್ತದ."

ಅಂಬಾರಾಯ ಅವಳ ಮುಖವನ್ನೇ ನೋಡುತ್ತಿದ್ದ, ಇನ್ನೂ ಏನೋ ಇದೆ, ಕಷ್ಟದ ಭಾಗ ಮುಂದೆ ಬರುತ್ತದೆ ಎಂಬಂತೆ.

"ಇಷ್ಟೇ ಏನ್ರಿ?"

"ಇಷ್ಟೇ."

ಅವನು ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಅವನ ಭುಜಗಳು ಅಲುಗಿದವು.

"ಸಾಹೇಬರು ಒಮ್ಮಿಗೇ ಒತ್ತು ಅನ್ನಲಿಲ್ಲ ಮೇಡಮ್. ಮುಟ್ಟಬ್ಯಾಡ ಅಂದಾರ್ರಿ ಅಂತ ನಾ ಅಂದೆ. ಯಾಕ ಅಂತ ಕೇಳಿದ್ರು. ನಿಜಕ್ಕೂ ಕೇಳಿದ್ರು, ಕುರ್ಚಿ ಎಳಕೊಂಡು ಕೂತು, ಹೇಳು ಅಂತ ಕಾದ್ರು. ನನ್ನ ಹತ್ರ ಹೇಳ್ಲಿಕ್ಕ ಏನೂ ಇರಲಿಲ್ಲ."